ಅವನ ಬೆನ್ನಿಗೆ ಒಗ್ಗುವ ಕಾರು

ನನ್ನ ಗಂಡನ ಹತ್ತಿರ ಆಗ ಜಪಾನಿನ ಡ್ರೈವಿಂಗ್ ಲೈಸೆನ್ಸೇ ಇರಲಿಲ್ಲ. ಆದರೂ ನಾನು ಓಡಿಸುವ ಕಾರು ಎಂಥದಿರಬೇಕು ಅಂತ ತೀರ್ಮಾನ ಮಾಡಿದವನು ಅವನೇ. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಟೋಕಿಯೋ ಹೊರಗಿನ ಕಾಶಿವಾ ಊರಿನ ಸಂಶೋಧನಾ ಕ್ಯಾಂಪಸ್ಸಿನಲ್ಲಿ ನನ್ನ ಕೆಲಸ ಕಾಯಂ ಆದ ವರ್ಷ ಆ ಕೆಂಪು ಹ್ಯಾಚ್‌ಬ್ಯಾಕನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದೆ. ಕೈಯಲ್ಲಿ ಗೇರು ಹಾಕುವ ಕಾರು, ಇಲ್ಲಿ ಹುಡುಕಿದರೂ ಸಿಗುವುದು ಅಪರೂಪ. ಮೈಸೂರಿನಲ್ಲಿ ಅಪ್ಪನ ಪಕ್ಕ ಕೂತು ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಡ್ರೈವಿಂಗ್ ಕಲಿತವಳು ನಾನು. ಭಾನುವಾರ ಒಬ್ಬಳೇ ತ್ಸುಕುಬಾ ಬೆಟ್ಟ ಹತ್ತಿ ಇಳಿದು ಬಂದರೆ, ವಾರಪೂರ್ತಿ ಲ್ಯಾಬಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಕುತ್ತಿಗೆ ಸಡಿಲವಾಗುತ್ತಿತ್ತು.

ಕೋವಿಡ್ ಬಂತು. ಗಂಡನ ಆಫೀಸು ಟೋಕಿಯೋ ನಡುಮಧ್ಯದ ಮಿನಾಟೋದಲ್ಲಿ. ಮೊದಲು ಮನೆಯಿಂದಲೇ ಕೆಲಸ ಇತ್ತು, ಎರಡನೇ ವರ್ಷ ವಾರಕ್ಕೆರಡು ದಿನ ಬರಲೇಬೇಕು ಅಂದರು. ಅವನಿಗೆ ರೈಲು ಅಂದರೆ ಭಯ. ಆ ಭಯ ಸುಳ್ಳಲ್ಲ. ಅವನ ಸೋದರಮಾವ ಬೆಂಗಳೂರಿನಲ್ಲಿ ಆಕ್ಸಿಜನ್ ಸಿಗದೆ ತೀರಿಕೊಂಡಿದ್ದರು, ನಾವು ಫೋನಿನಲ್ಲಿ ಮುಖ ನೋಡಿದ್ದಷ್ಟೇ. ಹಾಗಾಗಿ ನಾನೇ ಬಿಟ್ಟು ಬರುತ್ತೇನೆ ಅಂದೆ. ಸ್ವಲ್ಪ ದಿನದ ಮಾತು ಅಂದುಕೊಂಡಿದ್ದೆ.

ಬೆಳಿಗ್ಗೆ ಎಕ್ಸ್‌ಪ್ರೆಸ್‌ವೇ ಜಾಮಿನಲ್ಲಿ ತೆವಳಿಕೊಂಡು ಟೋಕಿಯೋ, ಅವನನ್ನು ಇಳಿಸಿ ತಿರುಗಿ ಕಾಶಿವಾ, ಲ್ಯಾಬು, ಸಂಜೆ ಮತ್ತೆ ಅವನನ್ನು ಕರೆತರಲು ಟೋಕಿಯೋ. ಅವನು ಪಕ್ಕದಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಗೊಣಗುತ್ತಿದ್ದ. ಸೀಟು ಗಟ್ಟಿ, ರಸ್ತೆಯ ಒಂದೊಂದು ಗುಂಡಿಯೂ ಬೆನ್ನಿಗೆ ಗೊತ್ತಾಗುತ್ತೆ, ನೀನು ಗೇರು ಬದಲಾಯಿಸಿದಾಗಲೆಲ್ಲ ಟೈಪ್ ಮಾಡಿದ್ದು ತಪ್ಪುತ್ತೆ, ಪೆಟ್ರೋಲು ಬೇರೆ ಕುಡಿಯುತ್ತೆ.

ಒಂದು ದಿನ ಊಟಕ್ಕೆ ಕೂತಾಗ ಹೇಳಿದ. "ಒಂದು ಹೈಬ್ರಿಡ್ ನೋಡಿದೀನಿ. ಒಳ್ಳೆ ಮೈಲೇಜು, ಸೀಟು ಮೆತ್ತಗಿದೆ. ಶನಿವಾರ ಶೋರೂಮಲ್ಲಿ ಅಪಾಯಿಂಟ್‌ಮೆಂಟ್ ತಗೊಂಡಿದೀನಿ."

"ಯಾರನ್ನ ಕೇಳಿ?"

"ಅದರಲ್ಲಿ ಕೇಳೋದೇನಿದೆ? ನಿಂಗೂ ಆರಾಮ ತಾನೇ?"

ಜಗಳವಾಡುವ ಶಕ್ತಿಯೂ ಉಳಿದಿರಲಿಲ್ಲ. ಹೋದೆವು. ಗಂಡನಿಗೆ ಜಪಾನಿ ಅಷ್ಟಕ್ಕಷ್ಟೇ, ಸೇಲ್ಸ್‌ಮನ್‌ಗೆ ಇಂಗ್ಲಿಷ್ ಬರದು. ಇಬ್ಬರ ನಡುವೆ ಕೂತು ಎರಡೂ ಕಡೆಯ ಮಾತನ್ನು ದಾಟಿಸುತ್ತಿದ್ದವಳು ನಾನು. ಬ್ರೇಕಿನ ಬಗ್ಗೆ ನಾನು ಕೇಳಿದ ಪ್ರಶ್ನೆಗೂ ಸೇಲ್ಸ್‌ಮನ್ ನನ್ನ ಗಂಡನ ಮುಖ ನೋಡಿಯೇ ಉತ್ತರ ಕೊಟ್ಟ. ನನ್ನನ್ನು ಅವನು ಕರೆದದ್ದು 'ಓಕುಸಾಮಾ' ಅಂತ. ಮನೆಯೊಡತಿ ಅನ್ನುವ ಗೌರವದ ಮಾತು ಅದು, ಮಾತಿನಲ್ಲೇ 'ಒಳಗಿನವಳು' ಅನ್ನುವುದಿದೆ. ಓಕುಸಾಮಾಗೆ ಯಾವ ಬಣ್ಣ ಇಷ್ಟ ಅಂತ ಮಾತ್ರ ನನ್ನನ್ನು ಕೇಳಿದ. ಕಾರು ಓಡಿಸುವವಳು ನಾನು, ಇವರಿಗೆ ಲೈಸೆನ್ಸ್ ಇಲ್ಲ ಅಂದೆ. ಮಾಸ್ಕಿನ ಮೇಲೆ ಅವನ ಕಣ್ಣು ಒಂದು ಕ್ಷಣ ಗಲಿಬಿಲಿಗೊಂಡಿತು. ಸುಮಿಮಾಸೆನ್, ಕ್ಷಮಿಸಿ ಅಂದು ತಲೆ ಬಗ್ಗಿಸಿದ. ಆಮೇಲೆ ಮತ್ತೆ ಗಂಡನ ಕಡೆಗೇ ತಿರುಗಿದ.

ಹಳೆಯದನ್ನು ಅಲ್ಲೇ ಎಕ್ಸ್‌ಚೇಂಜಿಗೆ ಬಿಟ್ಟೆವು. ಹೊಸದು ಬೂದು ಬಣ್ಣದ್ದು. ಅದರಲ್ಲಿ ದೋಷ ಹುಡುಕಲು ನಾನು ತುಂಬಾ ಕಷ್ಟಪಟ್ಟೆ, ಸಿಗಲಿಲ್ಲ. ಜಾಮಿನಲ್ಲಿ ಕ್ಲಚ್ ತುಳಿದು ತುಳಿದು ಬರುತ್ತಿದ್ದ ನನ್ನ ಎಡಗಾಲಿನ ನೋವು ನಿಂತೇಹೋಯಿತು. ಅದಕ್ಕೂ ಸಿಟ್ಟೇ ಬಂತು.

ಕೆಲವು ವಾರ ಕಳೆದ ಮೇಲೆ, ಮುಂದೆ ಕೂತರೆ ಪರದೆ ಮೇಲೆ ಬಿಸಿಲು ಬೀಳುತ್ತೆ ಅಂತ ಅವನು ಹಿಂದಿನ ಸೀಟಿಗೆ ಹೋದ. ಅವತ್ತು ಯಾವುದೋ ಮೀಟಿಂಗಿನಲ್ಲಿದ್ದ. ಆಫೀಸು ಹತ್ತಿರ ಬಂತು. ಪರದೆಯಿಂದ ತಲೆ ಎತ್ತದೆ, ಎರಡು ಬೆರಳು ಮುಂದಕ್ಕೆ ಚಾಚಿ, "ಆ ಗೇಟ್ ಹತ್ರ ನಿಲ್ಸು" ಅಂದ.

ನಿಲ್ಲಿಸಿದೆ. ಅವನು ಮೀಟಿಂಗ್ ಮುಗಿಸಿ ಇಳಿಯುವವರೆಗೂ ಕಾದೆ. ಕಿಟಕಿ ಇಳಿಸಿ ಹೇಳಿದೆ. "ಸಂಜೆ ರೈಲಲ್ಲಿ ಬಾ. ಇನ್ಮೇಲೆ ಹೋಗೋದೂ ರೈಲಲ್ಲೇ. ಇಲ್ಲ ಅಂದ್ರೆ ಲೈಸೆನ್ಸ್ ತಗೋ."

"ನನ್ನ ಭಯ ನಿಂಗೆ ಗೊತ್ತಲ್ಲ," ಅಂದ.

"ನಾನು ದಿನಾ ಲ್ಯಾಬಲ್ಲಿ ಅಷ್ಟು ಜನರ ಮಧ್ಯೆ ಕೆಲಸ ಮಾಡ್ತೀನಿ. ನಿಂಗೆ ಭಯ ಆಗಲ್ವಾ ಅಂತ ಒಂದು ದಿನ ಕೇಳಿದೀಯಾ?"

ಕಿಟಕಿ ಏರಿಸಿದೆ. ಉತ್ತರಕ್ಕೆ ಕಾಯದೆ ಲ್ಯಾಬಿನ ಕಡೆ ಗಾಡಿ ತಿರುಗಿಸಿದೆ.

ಅವತ್ತಿನಿಂದ ಎರಡು ಮಾಸ್ಕ್ ಹಾಕಿಕೊಂಡು ರೈಲಿನಲ್ಲಿ ಓಡಾಡಿದ. ಮನೆಯಲ್ಲಿ ಮಾತು ಅಕ್ಕಿ, ಹಾಲಿನ ಮಟ್ಟಕ್ಕೆ ಇಳಿಯಿತು. ಊರಿನ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಾಯಿಸಲು ಅರ್ಜಿ ಹಾಕಿದ. ಡ್ರೈವಿಂಗ್ ಪರೀಕ್ಷೆಯಲ್ಲಿ ಫೇಲಾಗಿ ಬಂದ, ಗಾಡಿ ತಿರುಗಿಸುವ ಮುಂಚೆ ಹೆಗಲ ಮೇಲಿಂದ ಹಿಂದೆ ನೋಡಲಿಲ್ಲ ಅಂತ. ಮತ್ತೆ ಹೋದ, ಮತ್ತೆ ಫೇಲು. ನಾನು ಸಮಾಧಾನ ಹೇಳಲಿಲ್ಲ. ಕೊನೆಗೊಮ್ಮೆ ಪಾಸಾದ.

ಮೊದಲ ಭಾನುವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಚೆನ್ನಾಗಿಯೇ ಓಡಿಸುತ್ತಿದ್ದ, ಹೇಳಬೇಕು ಅಂತಲೂ ಅನ್ನಿಸಿತ್ತು. ಅಷ್ಟರಲ್ಲಿ ಅವನೇ ಬಾಯಿ ಬಿಟ್ಟ. "ಈ ಗಾಡಿಗೆ ಪಿಕಪ್ಪೇ ಇಲ್ಲ ಕಣೆ. ಓಡಿಸೋಕೆ ಒಂಚೂರೂ ಮಜಾ ಇಲ್ಲ."

ಎದುರಿಗೆ ಕಂಡ ಕೊಂಬಿನಿ ಅಂಗಡಿ ಮುಂದೆ ನಿಲ್ಲಿಸಲು ಹೇಳಿದೆ. ಏನೋ ಬೇಕಾಗಿರಬೇಕು ಅಂದುಕೊಂಡು ನಿಲ್ಲಿಸಿದ. ಇಳಿದು ಬಾಗಿಲು ಹಾಕಿ, ನೀನು ಹೋಗು ಅಂದೆ. ಒಳಗೆ ಹೋಗಿ ಬಿಸಿ ಕಾಫಿಯ ಒಂದು ಡಬ್ಬಿ ತೆಗೆದುಕೊಂಡು, ಹೊಳೆಯ ಏರಿಯ ಮೇಲಿನ ದಾರಿ ಹಿಡಿದು ನಡೆದೇ ಮನೆಗೆ ಹೋದೆ.