ರಾಕೆಂತಾಯ್ ಅಜ್ಜಿ ಹಾಕಿಸಿಕೊಳ್ಳದ ಆಣೆ

ಅಬೆಮಾಮಾ ದ್ವೀಪದಲ್ಲಿ ಕೆಸು ಬೆಳೆಯುವುದು ಸಿಹಿನೀರು ಸಿಗುವ ತನಕ ತೋಡಿದ ಕೆಸರುಗುಂಡಿಗಳಲ್ಲಿ. ರಾಕೆಂತಾಯ್ ಅಜ್ಜಿಯ ಕೆಸುವಿನಷ್ಟು ದಪ್ಪದ ಗೆಡ್ಡೆ ಇನ್ನೊಬ್ಬರ ಗುಂಡಿಯಲ್ಲಿ ಬಿಡುತ್ತಿರಲಿಲ್ಲ. ಊರ ಸಭಾಮನೆಯ ಊಟಕ್ಕೆ ಅವಳ ಒಂದು ಗೆಡ್ಡೆ ಹೊರಲು ಇಬ್ಬರು ಗಂಡಸರು ಬೇಕು. ತುರಿದು, ತೆಂಗಿನ ಹಾಲು ಕಲಸಿ ಸುಟ್ಟರೆ ಅರ್ಧ ಊರಿಗೆ ಸಾಕಾಗುತ್ತಿತ್ತು. ಗೊಬ್ಬರಕ್ಕೆ ಏನು ಹಾಕುತ್ತಾಳೆಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಒಂದು ಮನೆಯ ಗೊಬ್ಬರದ ಗುಟ್ಟನ್ನು ಇನ್ನೊಂದು ಮನೆಯವರು ಕೇಳುವುದೂ ಒಂದೇ, ಕದಿಯುವುದೂ ಒಂದೇ. ಅಜ್ಜಿಗೆ ಅದನ್ನು ಕಲಿಸಿದ ಅವಳ ತಾಯಿ, ಮನೆಯ ಹೊರಗೆ ಬಿಡುವುದಿಲ್ಲವೆಂದು ಆಣೆ ಹಾಕಿಸಿಕೊಂಡಿದ್ದಳು.

ಗಂಡ ಮೀನಿಗೆ ಹೋದವನು ತಿರುಗಿ ಬಾರದೆ ಹೋದಾಗ ಅಜ್ಜಿಗೆ ಮೂವತ್ತೊಂದು. ಇಬ್ಬರು ಗಂಡುಮಕ್ಕಳನ್ನು ಆ ಗುಂಡಿಯೇ ಸಾಕಿತು. ದಿನಾ ಬೆಳಗ್ಗೆ ಮೊಣಕಾಲುದ್ದದ ಕೆಸರಿಗಿಳಿದು, ಗಿಡಗಳಿಗೆ ಸತ್ತ ನೆಂಟರ ಹೆಸರಿಟ್ಟು ಒಂದೊಂದನ್ನೂ ಬೈಯುವಳು. ಬಾಯಿ ಖಾರ, ಕೈ ಧಾರಾಳ. ಎಪ್ಪತ್ತೆಂಟರಲ್ಲಿ ಮೂರೇ ದಿನದ ಜ್ವರಕ್ಕೆ ತೀರಿಕೊಂಡಳು.

ಹಿರಿಮಗನ ಮಗಳು ತೆರೆತಿಯಾ ಅಜ್ಜಿಯ ಹತ್ತಿರವೇ ಬೆಳೆದವಳು. ಗುಂಡಿ ಅವಳ ಪಾಲಿಗೆ ಬಂತು, ಗುಟ್ಟು ಬರಲಿಲ್ಲ. ಗೊಬ್ಬರ ಕಲಸುವ ದಿನ ಅಜ್ಜಿ ಅವಳನ್ನು ಎಲ್ಲಿಗಾದರೂ ಅಟ್ಟಿಬಿಡುತ್ತಿದ್ದಳು. ತೆರೆತಿಯಾಳ ಬಾಯಲ್ಲಿ ಎಳ್ಳು ನೆನೆಯುವುದಿಲ್ಲವೆಂದು ಊರಿಗೇ ಗೊತ್ತು.

ಆ ವರ್ಷದ ದೊಡ್ಡ ಉಬ್ಬರಕ್ಕೆ ಕಡಲು ಉಕ್ಕಿ ಗುಂಡಿಗಳಿಗೆ ಉಪ್ಪುನೀರು ಬಿತ್ತು. ನೆರೆಮನೆಯ ಕತರೀನಾಳ ಗಿಡಗಳು ಅರ್ಧ ಕೊಳೆತವು. ತೆರೆತಿಯಾಳವು ಹಳದಿಗೆ ತಿರುಗಿದವು. ಅವಳು ತೋಚಿದ್ದನ್ನೆಲ್ಲ ತಂದು ಸುರಿದಳು, ಏನೂ ಹತ್ತಲಿಲ್ಲ.

"ಅಜ್ಜಿ ಹಿಂದೇನೇ ಗಿಡಾನೂ ಹೊರಟಂಗಿದೆ ಕಣೇ," ಎಂದಳು ಕತರೀನಾ.

"ಮೊದ್ಲು ನಿಮ್ದು ನೋಡ್ಕೊಳ್ಳಿ ಅಕ್ಕಾ."

ಬಾಯಿಗೆ ಹಾಗೆ ಬಂದರೂ ತೆರೆತಿಯಾಳಿಗೂ ಅದು ಗೊತ್ತಿತ್ತು. ಅಜ್ಜಿಯ ಬದುಕೆಲ್ಲ ಈ ಗುಂಡಿ, ಅದು ತನ್ನ ಕೈಯಲ್ಲಿ ಸಾಯುತ್ತಿದೆ.

ಒಂದು ಬೆಳಗ್ಗೆ ಹೋದರೆ, ಮೂಲೆಯ ಎರಡು ಗಿಡಗಳಲ್ಲಿ ಹಸಿರು ಸುಳಿ ಒಡೆದಿತ್ತು. ಪಕ್ಕದಲ್ಲಿ ಕೆಸರುಗೈಯಲ್ಲಿ ನಿಂತಿದ್ದವಳು ಚಿಕ್ಕಪ್ಪನ ಹೆಂಡತಿ ಅಕೆನೆಟಿ. ಉತ್ತರದ ದ್ವೀಪದಿಂದ ಬಂದ ಸೊಸೆ, ಕೇಳಿದರಷ್ಟೇ ಮಾತು.

"ಅಜ್ಜಿ ನಿಮಗೆ ಗುಟ್ಟು ಹೇಳಿದ್ಲಾ?" ಎಂದಳು ತೆರೆತಿಯಾ. "ಇಪ್ಪತ್ತಾರು ವರ್ಷ ಅವಳ ಚಾಪೆ ಮೇಲೆ ಮಲಗಿದೋಳು ನಾನು. ನೀವು ಹೊರಗಿಂದ ಬಂದೋರು ಚಿಕ್ಕಮ್ಮ."

"ಅದಕ್ಕೇ ಹೇಳಿದ್ರು. ಈ ಊರಲ್ಲಿ ನಾನ್ಯಾರ ಹತ್ರ ಮಾತಾಡ್ತೀನಿ?"

"ನನ್ನ ನಂಬ್ಲಿಲ್ಲ ಅವಳು."

"ಕೂತ್ಕೋ ಇಲ್ಲಿ." ಅಕೆನೆಟಿ ಕೈ ತೊಳೆದುಕೊಂಡಳು. "ಅತ್ತೆ ಅಂದಿದ್ದು ಹಾಗೇ ಹೇಳ್ತೀನಿ. 'ಅಮ್ಮನ ಮುಂದೆ ಆಣೆ ಹಾಕಿದೀನಿ, ನಾನಿರೋ ತನಕ ಹೊರಗೆ ಬಿಡೋಹಾಗಿಲ್ಲ. ಆದ್ರೆ ಉಪ್ಪುನೀರು ಯಾರ ಗುಂಡಿ ಅಂತ ಕೇಳ್ಕೊಂಡು ಬರಲ್ಲ. ನಾನು ಹೋದ್ಮೇಲೆ ನಮ್ಮ ತೆರೆತಿಯಾಗೆ ಹೇಳು. ಅವಳ ಹತ್ರ ಆಣೆ ಮಾತ್ರ ಹಾಕಿಸ್ಕೋಬೇಡ.'"

ತೆರೆತಿಯಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ದಂಡೆಯ ಮೇಲೆ ಕೂತು ಅತ್ತಳು. ಅಜ್ಜಿ ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಮೊದ್ಲು ನನ್ನ ಕೈಗೆ ಬರುತ್ತಾ ನೋಡ್ಬೇಕಿತ್ತು. ತಪ್ಪು ಹೇಳ್ಕೊಟ್ರೆ, ನೀನು ಊರೆಲ್ಲ ತಪ್ಪನ್ನೇ ಹರಡ್ತೀಯ."

ಮಧ್ಯಾಹ್ನದೊಳಗೆ ಇಬ್ಬರೂ ಸೇರಿ ಒಂದು ಬುಟ್ಟಿ ಗೊಬ್ಬರ ಕಲಸಿದರು. ತೆರೆತಿಯಾ ಅದನ್ನು ಸೊಂಟಕ್ಕಿಟ್ಟುಕೊಂಡು ನೇರ ಕತರೀನಾಳ ಗುಂಡಿಗೆ ಹೋದಳು.

"ಅಕ್ಕಾ, ದಡಕ್ಕೆ ತೇಲಿ ಬರುತ್ತಲ್ಲ ಹಗುರ ಕಲ್ಲು, ಅದನ್ನ ಕುಟ್ಟಿ..."

ಕತರೀನಾ ಗಾಬರಿಯಾಗಿ ಎರಡೂ ಕಿವಿ ಮುಚ್ಚಿಕೊಂಡಳು. "ಬೇಡ ಕಣೇ, ಹೇಳ್ಬೇಡ. ನಿಮ್ಮ ಮನೆ ಗುಟ್ಟು ನಂಗ್ಯಾಕೆ? ನಿಮ್ಮಜ್ಜಿ ನನ್ನ ಸುಮ್ನೆ ಬಿಡ್ತಾಳಾ?"

"ಅವಳೇ ಕಳಿಸಿದಾಳೆ," ಎಂದಳು ತೆರೆತಿಯಾ.

ಕತರೀನಾ ಅವಳ ಮುಖ ನೋಡಿದಳು, ಬುಟ್ಟಿ ನೋಡಿದಳು. ಮೆಲ್ಲಗೆ ಒಂದು ಕಿವಿಯ ಮೇಲಿನ ಕೈ ತೆಗೆದಳು.