ತಿಪ್ಪವ್ವ ಮತ್ತು ದೋರೆಸ್

ಕೊಳಕೂರಿನ ನಮ್ಮ ಆಯಿ, ಅಂದರೆ ಅಪ್ಪನ ತಾಯಿ ತಿಪ್ಪವ್ವನ ಬಾಯಿಗೆ ಹೆದರದವರು ಊರಲ್ಲಿಲ್ಲ. ಸೊಸೆಯಂದಿರು, ನೆಂಟರು, ಹಾಲು ಹಾಕುವ ದೌಲತರಾಯ, ಎಲ್ಲರೂ ಆಕೆಯಿಂದ ಬೈಸಿಕೊಂಡವರೇ. ಬೈದವಳೇ ಮರುಗಳಿಗೆಗೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಬಡಿಸುತ್ತಾಳೆ. ಹಾಗಾಗಿ ಜನ ಊಟದ ಹೊತ್ತು ನೋಡಿಯೇ ಬೈಸಿಕೊಳ್ಳಲು ಬರುತ್ತಾರೆ ಎಂದು ನನ್ನ ಗುಮಾನಿ.

ಹೋದ ವರ್ಷ, ಗೋವಾದಲ್ಲಿ ದುಡಿಯುವ ನನ್ನ ತಮ್ಮ ಗುರುಶಾಂತನ ಹೆಂಡತಿ ಸೃಷ್ಟಿ ಅಲ್ಲಿಂದ ಹೆಣ್ಣುಕೂಸನ್ನು ಎತ್ತಿಕೊಂಡು ಬಂದಳು. ಮೊದಲಿನ ಎರಡು ಕೂಸು ಉಳಿದಿರಲಿಲ್ಲ. ಈ ಸಲ ಹೆರಿಗೆಯಲ್ಲಿ ತಾಯಿಯಂತೆ ಬೆನ್ನಿಗೆ ನಿಂತವಳು ಅಲ್ಲಿನ ಬಾಜೂಮನೆಯ ದೋರೆಸ್ ಬಾಯಿ. ಕೂಸಿಗೆ ಆಕೆಯ ಹೆಸರೇ ಇಡಬೇಕೆಂದು ಸೃಷ್ಟಿಯ ಹಟ.

ತೊಟ್ಟಿಲ ದಿನ ಹೆಸರು ಹೇಳುವವಳು ಸೋದರತ್ತೆ, ಅಂದರೆ ನಾನು. ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರುವಾಗ ಹೆಂಗಸರೆಲ್ಲ ಹಿಂದಿನಿಂದ ಬೆನ್ನಿಗೆ ಗುದ್ದುವುದು ಪದ್ಧತಿ. ನಾನಿನ್ನೂ ಬಗ್ಗಿದ್ದೆ, ಗುದ್ದು ಶುರುವಾಗಿತ್ತು, ಅಷ್ಟರಲ್ಲಿ ಆಯಿ ಗದರಿದಳು.

“ತಡಿ ಬೇ! ಆ ಹೆಸರಿನ ಅರ್ಥ ಏನು?”

ಸೃಷ್ಟಿಗೆ ಸುಳ್ಳು ಬಾರದು. “ಪೋರ್ಚುಗೀಸ್ ಮಾತಿನಾಗ ನೋವು, ಸಂಕಟ ಅಂತರಿ ಆಯಿ. ಮೇರಿ ಮಾತಾ ಮಗನ್ನ ಕಳಕೊಂಡು ಸಂಕಟಪಟ್ಟಳಲ್ರಿ, ಆಕಿ ನೆನಪಿಗೆ ಇಡ್ತಾರಂತ.”

“ನಿನ್ನ ಬಾಯಾಗ ಮಣ್ಣು ಹಾಕ! ಬಂಗಾರದಂಥ ಕೂಸಿಗೆ ಸಂಕಟ ಅಂತ ಹೆಸರು ಇಡ್ತಾರೇನು? ಭಾಗ್ಯವಂತಿ ಅನ್ನು!”

ಇಷ್ಟೆಲ್ಲ ನಡೆದರೂ ನನ್ನ ಬೆನ್ನ ಮೇಲಿನ ಗುದ್ದು ಮಾತ್ರ ನಿಂತಿರಲಿಲ್ಲ.

ಸೃಷ್ಟಿಯ ಕಣ್ಣು ತುಂಬಿತು. “ಮೊದಲಿನವಕ್ಕ ಛಂದಛಂದನ ಹೆಸರು ಹುಡುಕಿ ಇಟ್ಟಿದ್ನಿರಿ. ಉಳೀಲಿಲ್ಲ. ನಿಮಗ್ಯಾಕ ತಿಪ್ಪವ್ವ ಅಂತ ಇಟ್ಟಾರರಿ ಆಯಿ?”

ಈಗ ಗುದ್ದು ನಿಂತಿತು. ಮನೆಯಲ್ಲಿ ಯಾರೂ ಎತ್ತದ ಮಾತು ಅದು. ಆಯಿಗಿಂತ ಮುಂಚೆ ಹುಟ್ಟಿದವು ಒಂದೂ ಉಳಿಯದೆ, ಇದಾದರೂ ಸಾವಿನ ಕಣ್ಣಿಗೆ ಬೀಳದಿರಲೆಂದು ಆಕೆಯನ್ನು ತಿಪ್ಪೆಯ ಮೇಲೆ ಉರುಳಿಸಿ ಆ ಹೆಸರಿಟ್ಟಿದ್ದರು. ಎಂಬತ್ತು ದಾಟಿದರೂ ಸಾವು ಆಕೆಯ ಕಡೆ ಹಾಯ್ದಿಲ್ಲ. ಅದಕ್ಕೂ ಬೈಗುಳದ ಭಯವಿರಬೇಕು.

ಆಯಿ ಎದ್ದು ತೊಟ್ಟಿಲ ಹತ್ತಿರ ಬಂದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ, ತಾನೇ ಬಗ್ಗಿ, “ಕುರ್ರ್... ದೋರೆಸ್” ಎಂದಳು. ಆಕೆಯ ಬೆನ್ನಿಗೆ ಗುದ್ದುವ ಧೈರ್ಯ ಯಾರಿಗೂ ಬರಲಿಲ್ಲ.

ಸೆರಗಿನಿಂದ ಸೃಷ್ಟಿಯ ಕಣ್ಣೊರೆಸಿ ಹೇಳಿದಳು: “ಅಳಬ್ಯಾಡ. ಇಕಿಗೆ ಇದೇ ಇರ್ಲಿ. ಛಂದನ ಹೆಸರು ಇಕಿ ಮಗಳಿಗೆ ಇಡೂಣು.”