ನನ್ನ ತಲೆ ಮತ್ತು ಯೂನಿಸಳ ಹಾಡು

ನನ್ನ ತಲೆ ನನ್ನ ಹತೋಟಿಯಲ್ಲಿಲ್ಲ. ಇದೇ ಮಾತನ್ನು ನನ್ನ ಹೆಂಡತಿ ಸುಧಾ ಬೇರೆ ಅರ್ಥದಲ್ಲಿ ಹೇಳುತ್ತಾಳೆ. ನಾನು ಹೇಳುತ್ತಿರುವುದು ಹಾಡಿನ ವಿಷಯ. ಒಳ್ಳೆಯ ಹಾಡು ಕಿವಿಗೆ ಬಿದ್ದರೆ ಸಾಕು, ಕತ್ತು ತಾನಾಗಿಯೇ ಅತ್ತಿತ್ತ ತೂಗತೊಡಗುತ್ತದೆ. ತೊಂಬತ್ತರ ದಶಕದಲ್ಲಿ ವಾಕ್‌ಮನ್ ಸಿಕ್ಕಿಸಿಕೊಂಡು ನೆಲದಡಿಯ ಟ್ಯೂಬ್ ರೈಲಿನಲ್ಲಿ ಕೂತರೆ ಎದುರಿನವರು ಪೇಪರು ಮಡಚಿ ಮೆಲ್ಲಗೆ ಬೇರೆ ಸೀಟಿಗೆ ಹೋಗುತ್ತಿದ್ದರು. ಅವರ ಟೋಪಿಯನ್ನೋ ಮುಖವನ್ನೋ ನಾನು ಬೇಡವೆನ್ನುತ್ತಿದ್ದೇನೆ ಎಂದುಕೊಂಡಿರಬೇಕು, ಪಾಪ.

ಬ್ರಹ್ಮ ಹಾವಿಗೆ ಕಿವಿ ಕೊಡಲಿಲ್ಲವೆಂದು ನಮ್ಮಲ್ಲಿ ಹಳೆಯ ಮಾತೊಂದಿದೆ. ಕೊಟ್ಟಿದ್ದರೆ ಆದಿಶೇಷ ಹಾಡು ಕೇಳಿ ತಲೆದೂಗಿಬಿಡುತ್ತಿದ್ದ, ಹೆಡೆಯ ಮೇಲಿನ ಭೂಮಿ ಉರುಳಿಹೋಗುತ್ತಿತ್ತು. ಕಿವಿಯಿರುವ ನಾವು ಕನ್ನಡಿಗರು ಫೆಲ್ಥಮ್‌ನ ಶಾಲೆಯೊಂದರ ಹಾಲಿನಲ್ಲಿ ಒಬ್ಬಳ ಭೂಮಿಯನ್ನು ಹೀಗೆಯೇ ಉರುಳಿಸಿದ್ದೆವು.

ಆಕೆ ಯೂನಿಸ್. ವಿಮಾನಗಳಿಗೆ ಊಟದ ಟ್ರೇ ಜೋಡಿಸುವ ಅಡುಗೆಮನೆಯಲ್ಲಿ ನಾನು ಬ್ರೆಡ್ ಇಟ್ಟರೆ ಪಕ್ಕದಲ್ಲಿ ನಿಂತ ಆಕೆ ಬೆಣ್ಣೆ ಇಡುತ್ತಿದ್ದಳು. ಜಮೈಕಾದಿಂದ ಬಂದ ತಂದೆತಾಯಿಯ ಮಗಳು, ಚರ್ಚಿನಲ್ಲಿ ಹಾಡುತ್ತ ಬೆಳೆದವಳು. ಇಪ್ಪತ್ತರ ವಯಸ್ಸಿಗೆ, ಚರ್ಚಿನ ಹಾಡಿನಿಂದಲೇ ಹುಟ್ಟಿದ ಸೋಲ್ ಸಂಗೀತದ ಒಂದು ರೆಕಾರ್ಡು ಬಂತು. ಒಂದು ಬೇಸಿಗೆಯಿಡೀ ರೇಡಿಯೊದಲ್ಲಿ ಅವಳದೇ ದನಿ. ಎರಡನೆಯ ರೆಕಾರ್ಡು ಹೊರಗೆ ಬರಲೇ ಇಲ್ಲ. ಆಮೇಲೆ ಹೆಸರಾದವರ ಹಿಂದೆ ನಿಂತು ದನಿಗೂಡಿಸಿದಳು. ಕೊನೆಗೊಂದು ಸಂಜೆ ಪಬ್ಬಿನ ಜನ ಆಕೆಗೆ ಬೆನ್ನು ಹಾಕಿ ಹರಟುತ್ತ ನಿಂತಾಗ ಮೈಕು ಕೆಳಗಿಟ್ಟವಳು ಐದು ವರ್ಷ ಮತ್ತೆ ಮುಟ್ಟಿರಲಿಲ್ಲ.

ಆದರೂ ಬೆಣ್ಣೆ ಇಡುತ್ತ ಗುನುಗುತ್ತಿದ್ದಳು. ಆ ಗುನುಗಿಗೆ ನಾನು ಎಲ್ಲೆಲ್ಲೋ ತೇಲಿಹೋಗುತ್ತಿದ್ದೆ. ಧಾರವಾಡದ ಯಾವುದೋ ಮಧ್ಯಾಹ್ನ, ಅಟ್ಟದ ಕಿಟಕಿಯಿಂದ ಇಳಿದ ಬಿಸಿಲು, ಅದರಲ್ಲಿ ಆಡುವ ಧೂಳಿನ ಕಣ. ಎಷ್ಟು ವಿಮಾನಗಳು ಬ್ರೆಡ್ಡಿಲ್ಲದೆ ಹಾರಿದವೋ ದೇವರೇ ಬಲ್ಲ. ಕಣ್ಣು ಟ್ರೇಯ ಮೇಲಿರಬೇಕಾದ ಕೆಲಸ. ಪಕ್ಕದಲ್ಲಿ ನನ್ನ ತಲೆ ಏನು ಮಾಡುತ್ತಿತ್ತೆಂದು ಆಕೆ ನೋಡಿರಲಿಲ್ಲ.

"ನಮ್ಮ ಹಾಡಿನಲ್ಲಿ ಅರ್ಧ ಮಾತ್ರ ನನ್ನದು. ಕೇಳುವವರು ಹೌದು, ಹೌದು ಎಂದು ಕೂಗಿದರೆ ಇನ್ನರ್ಧ ಹುಟ್ಟುತ್ತದೆ," ಎನ್ನುತ್ತಿದ್ದಳು. ನಮ್ಮ ದೀಪಾವಳಿ ಕಾರ್ಯಕ್ರಮಕ್ಕೆ ಹಾಡು ಎಂದು ಆರು ತಿಂಗಳು ಬೆನ್ನುಹತ್ತಿದೆ. "ಇದೊಂದು ಸಲ. ಇಲ್ಲೂ ಬೇಡವಾದರೆ ಇನ್ನು ಜನ್ಮದಲ್ಲಿ ಹಾಡುವುದಿಲ್ಲ," ಎಂದು ಒಪ್ಪಿದಳು.

ಹಾಡಿದಳು ನೋಡಿ. ಗದ್ದಲದ ಮಕ್ಕಳು ಕೂಡ ಸುಮ್ಮನಾದರು. ಇಡೀ ಹಾಲು ಕಣ್ಣು ಅರೆಮುಚ್ಚಿ, ತೊಡೆ ತಟ್ಟುತ್ತ, ಒಂದಾಗಿ ತಲೆದೂಗಿತು. ಹಾಡಿನ ನಡುವೆ ಕೂಗುವುದು ನಮ್ಮ ಸಭ್ಯತೆಯಲ್ಲ. ನಾನು ಸುಖದಲ್ಲಿ ಎಲ್ಲಿಗೋ ತಲುಪಿದ್ದೆ. ಕಣ್ಣು ತೆರೆದಾಗ ಹಾಡು ಅರ್ಧಕ್ಕೇ ನಿಂತಿತ್ತು, ವೇದಿಕೆ ಖಾಲಿಯಾಗಿತ್ತು.

"ಆ ಹುಡುಗಿ ಯಾಕ ಹ್ವಾದ್ಲು? ಏನಂದ್ರಿ ಆಕಿಗೆ ನೀವು?" ಸುಧಾಳ ಲೆಕ್ಕದಲ್ಲಿ ಯಾರು ಎದ್ದುಹೋದರೂ ಕಾರಣ ನಾನೇ. ಹೊರಗೆ ಓಡಿದೆ. ಯೂನಿಸ್ ಕೋಟು ಹಾಕಿಕೊಳ್ಳುತ್ತಿದ್ದಳು.

"ಅಷ್ಟೂ ಜನ ಬೇಡ ಬೇಡ ಅಂತಿದ್ದರೆ ಹಾಡುವುದು ಹೇಗೆ? ನೀನೂ ಅಂದೆಯಲ್ಲ," ಎಂದಳು. ಕಣ್ಣು ತುಂಬಿತ್ತು. ಹಾಗಲ್ಲ ಯೂನಿಸ್, ತುಂಬ ಚೆನ್ನಾಗಿತ್ತು ಎಂದು ಬೇಡಿಕೊಂಡೆ. ಅದನ್ನು ಹೇಳುವಾಗಲೂ ಹಾಳು ತಲೆ ಅತ್ತಿತ್ತಲೇ ಆಡುತ್ತಿತ್ತು.

ಅಷ್ಟರಲ್ಲಿ ಒಳಗೆ, ಬರಿದಾದ ಹೊತ್ತು ತುಂಬಲು ಹಿರಿಯರಾದ ಗಂಗಾಬಾಯಿಯವರು ದೇವರನಾಮ ಎತ್ತಿಕೊಂಡರು. ನಾನು ಮಾತು ನಿಲ್ಲಿಸಿ ಬಾಗಿಲಿನ ಗಾಜಿನತ್ತ ಕೈತೋರಿದೆ. ಒಳಗೆ ಅವೇ ತಲೆಗಳು, ಗಾಳಿಗೆ ಜೋಳದ ತೆನೆಗಳು ತೂಗುವ ಹಾಗೆ.

"ಆ ಅಜ್ಜಿಯೂ ಬೇಡವೇ?"

"ಅವರು ನಮ್ಮಲ್ಲೇ ಎಲ್ಲರಿಗಿಂತ ಚೆನ್ನಾಗಿ ಹಾಡುವವರು," ಎಂದೆ.

ಯೂನಿಸ್ ಹಣೆಯನ್ನು ಗಾಜಿಗೆ ಒತ್ತಿ ದೇವರನಾಮ ಮುಗಿಯುವವರೆಗೂ ನೋಡಿದಳು. ಆಮೇಲೆ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಮೊದಲಿನಿಂದ ಹಾಡಿದಳು, ಈ ಸಲ ಆ ತಲೆಗಳನ್ನೇ ನೋಡುತ್ತ.

ಬಾರದೇ ಹೋಗಿದ್ದ ಎರಡನೆಯ ರೆಕಾರ್ಡು ಅದಾದ ಮೂರು ವರ್ಷಕ್ಕೆ ಬಂತು. ಅಂಥ ಹೆಸರೇನೂ ಆಗಲಿಲ್ಲ, ಆದರೆ ಬೆಣ್ಣೆಯ ಕೆಲಸ ಬಿಡುವಷ್ಟಾಯಿತು. ಸ್ಟ್ರಾಟ್‌ಫರ್ಡ್ ಕಡೆಯ ಒಂದು ಪುಟ್ಟ ಕ್ಲಬ್ಬಿನಲ್ಲಿ ಭಾನುವಾರ ಸಂಜೆ ಹಾಡುತ್ತಾಳೆ. ಸುಧಾಳೂ ನಾನೂ ಹೋಗಿ ಹಿಂದಿನ ಮೂಲೆಯಲ್ಲಿ ಕೂರುತ್ತೇವೆ. ಜನ ಎದ್ದು ನಿಂತು ಹೌದು, ಹೌದು ಎಂದು ಕೂಗುತ್ತಾರೆ. ಆಕೆ ಅವರಿಗೆಲ್ಲ ಕೈ ಬೀಸುತ್ತಾಳೆ. ಆದರೂ ಅವಳ ಕಣ್ಣು ಆ ಹೌದುಗಳನ್ನೆಲ್ಲ ದಾಟಿ, ಕತ್ತಲ ಮೂಲೆಯಲ್ಲಿ ಬೇಡ ಬೇಡ ಎನ್ನುತ್ತಿರುವ ಎರಡು ತಲೆಗಳನ್ನು ಹುಡುಕುತ್ತದೆ. ಅವು ಕಂಡ ಮೇಲೆಯೇ ಮುಂದಿನ ಸಾಲು.